ಗರ್ಭಕ್ಕೆ ಬೇಕಾದ ಕಾವಲು

ಮನೆಯ ಮಗಳು ಗರ್ಭಿಣಿಯೆಂದು ತಿಳಿದೊಡನೆ ಹಿರಿಯರು ಆಕೆಯನ್ನು ರೆಪ್ಪೆಯು ಕಣ್ಣನ್ನು ಕಾಯುವಂತೆ ಕಾಯುತ್ತಾರೆ. ಆಕೆಯ ಬಯಕೆಗಳನ್ನು ಕೇಳಿ ತೀರಿಸುತ್ತಾರೆ. ಭಾರವಾದ ಕೊಡವನ್ನು ಎತ್ತಗೊಡುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತಾರೆ. ಈ ಎಚ್ಚರವೆಲ್ಲವೂ ತಾಯಿಯ ಮತ್ತು ಹುಟ್ಟಲಿರುವ ಶಿಶುವಿನ ಹಿತಕ್ಕಾಗಿಯೇ. ಆದರೆ ಇಷ್ಟು ಕಾವಲಿನ ನಡುವೆಯೂ ರಾತ್ರಿಯ ವೇಳೆ ಸದ್ದಿಲ್ಲದೆ ನುಸುಳಿ ಬಂದು, ಇಬ್ಬರನ್ನೂ ಅಪಾಯಕ್ಕೆ ಒಡ್ಡಬಲ್ಲ ಜೀವಿಯೊಂದಿದೆ. ಅದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ. ಅದು ಹರಡುವ ರೋಗವೇ ಮಲೇರಿಯ.

ಮಲೇರಿಯವನ್ನು ನಮ್ಮ ಜನ ಚಳಿಜ್ವರವೆಂದು ಕರೆಯುತ್ತ ಬಂದಿದ್ದಾರೆ. ಕರ್ನಾಟಕದ ಮಲೆನಾಡು ಒಂದು ಕಾಲಕ್ಕೆ ಇದರ ಬೀಡಾಗಿತ್ತು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆಂಬ ಭಾವನೆ ಹಿಂದೆ ಅನೇಕ ದೇಶಗಳಲ್ಲಿತ್ತು. 1880ರಲ್ಲಿ ಫ್ರಾನ್ಸಿನ ಸೇನಾವೈದ್ಯ ಲಾವರಾನ್ ಅವರು ಅಲ್ಜೀರಿಯದಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅದೇ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ಗುರುತಿಸಿದರು. ಸೊಳ್ಳೆ ಕಚ್ಚಿದಾಗ ಈ ಸೂಕ್ಷ್ಮ ಜೀವಿಗಳು ಮೊದಲು ಯಕೃತ್ತನ್ನು ಸೇರಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಬಳಿಕ ಕೆಂಪು ರಕ್ತಕಣಗಳನ್ನು ಹೊಕ್ಕು ಅವುಗಳನ್ನು ಒಡೆಯುತ್ತವೆ. ಆಗ ಚಳಿ, ನಡುಕ, ಜ್ವರಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಫಾಲ್ಸಿಪಾರಮ್ ಎಂಬ ಬಗೆಯು ಅತ್ಯಂತ ಅಪಾಯಕಾರಿಯಾದುದು.

ಗರ್ಭದಲ್ಲಿರುವ ಶಿಶುವಿಗೆ ಈ ರೋಗ ಮಾಡುವ ಕೇಡನ್ನು ತಿಳಿಯಬೇಕಾದರೆ, ಆ ಶಿಶು ಬೆಳೆಯುವ ಬಗೆಯನ್ನು ಮೊದಲು ಅರಿಯಬೇಕು. ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು ಜರಾಯು ಎಂಬ ಅಂಗವೊಂದು ಬೆಳೆಯುತ್ತದೆ. ಹೆರಿಗೆಯ ನಂತರ ಹೊರಬೀಳುವ ಇದನ್ನೇ ಹಳ್ಳಿಗಳಲ್ಲಿ ಮಾಸು ಎನ್ನುವರು. ಜರಾಯುವಿನಲ್ಲಿ ತಾಯಿಯ ರಕ್ತ ಒಂದು ಕಡೆ, ಶಿಶುವಿನ ರಕ್ತ ಇನ್ನೊಂದು ಕಡೆ. ನಡುವೆ ತೆಳುವಾದ ಪದರ. ಎರಡು ರಕ್ತಗಳೂ ಬೆರೆಯುವುದಿಲ್ಲ. ಆದರೂ ತಾಯಿಯ ರಕ್ತದಲ್ಲಿರುವ ಆಮ್ಲಜನಕವೂ ಪೋಷಕಾಂಶಗಳೂ ಆ ಪದರವನ್ನು ದಾಟಿ, ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನು ಮುಟ್ಟುತ್ತವೆ. ಇಪ್ಪತ್ತೆಂಟನೆಯ ವಾರದ ಹೊತ್ತಿಗೆ ಶಿಶುವಿನ ತೂಕ ಸುಮಾರು ಒಂದು ಕಿಲೋಗ್ರಾಂ ಮಾತ್ರ. ಉಳಿದ ತೂಕವನ್ನೆಲ್ಲ ಅದು ಕೊನೆಯ ಹನ್ನೆರಡು ವಾರಗಳಲ್ಲಿ ಗಳಿಸಿಕೊಳ್ಳಬೇಕು. ಆದುದರಿಂದ ಜರಾಯುವಿನ ಕೆಲಸ ಕುಂದಿದರೆ ಶಿಶುವಿನ ಬೆಳವಣಿಗೆಯೂ ಕುಂದುವುದು ಸಹಜ.

ಮಲೇರಿಯದ ಪರೋಪಜೀವಿಯು ಅಡಗಿ ಕೂರುವುದು ಇಲ್ಲಿಯೇ. ನಮ್ಮ ದೇಹದಲ್ಲಿ ಗುಲ್ಮವೆಂಬ ಅಂಗವು ಕೆಟ್ಟ ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಅದರ ಕೈಗೆ ಸಿಕ್ಕದಿರಲು, ಫಾಲ್ಸಿಪಾರಮ್ ಹೊಕ್ಕ ಕಣಗಳು ರಕ್ತನಾಳಗಳ ಒಳಮೈಗೆ ಅಂಟಿಕೊಳ್ಳುತ್ತವೆ. ಗರ್ಭಿಣಿಯಲ್ಲಿ ಅವುಗಳಿಗೆ ಜರಾಯು ಹೊಸದೊಂದು ಆಶ್ರಯವಾಗುತ್ತದೆ. 1915ರಲ್ಲಿ ಪನಾಮದ ವೈದ್ಯ ಕ್ಲಾರ್ಕ್ ಅವರು ಜರಾಯುವಿನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದರಿಂದ ಮಲೇರಿಯವನ್ನು ಪತ್ತೆಹಚ್ಚಬಹುದೆಂದು ತೋರಿಸಿದರು. ತಾಯಿಯ ಬೆರಳ ತುದಿಯ ರಕ್ತದಲ್ಲಿ ಪರೋಪಜೀವಿ ಕಾಣದಿದ್ದಾಗಲೂ ಜರಾಯುವಿನಲ್ಲಿ ಅವು ಗುಂಪುಗೂಡಿರಬಹುದು. 1996ರಲ್ಲಿ ಮಿಖಾಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಅವರು ಕೀನ್ಯದಲ್ಲಿ ನಡೆಸಿದ ಅಧ್ಯಯನದಿಂದ, ಆ ಕಣಗಳು ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ವಸ್ತುವನ್ನು ಹಿಡಿದು ಜರಾಯುವಿಗೆ ಅಂಟಿಕೊಳ್ಳುತ್ತವೆಂದು ಪ್ರಕಟಪಡಿಸಿದರು. ಹೊರಗೆ ತಾಯಿ ಆರೋಗ್ಯವಾಗಿಯೇ ಕಾಣುವಳು. ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡ.

ಇದರ ಪರಿಣಾಮವೇನು? ಪರೋಪಜೀವಿಗಳನ್ನು ಎದುರಿಸಲು ದೇಹದ ರಕ್ಷಕ ಕಣಗಳೂ ಜರಾಯುವಿನಲ್ಲಿ ಬಂದು ನೆರೆಯುತ್ತವೆ, ಅಲ್ಲಿ ಉರಿಯೂತವುಂಟಾಗುತ್ತದೆ. ಶಿಶುವಿಗೆ ಸಾಗಬೇಕಾದ ಆಹಾರ ಮತ್ತು ಆಮ್ಲಜನಕದ ಹಾದಿ ಇಕ್ಕಟ್ಟಾಗುತ್ತದೆ. ಇತ್ತ ರಕ್ತಕಣಗಳ ನಾಶದಿಂದ ತಾಯಿಗೆ ರಕ್ತಹೀನತೆ ತಗಲುತ್ತದೆ. ಗರ್ಭಪಾತವಾಗಬಹುದು, ಅವಧಿಗೆ ಮುಂಚೆಯೇ ಹೆರಿಗೆಯಾಗಬಹುದು, ಶಿಶು ಗರ್ಭದಲ್ಲಿಯೇ ಅಸುನೀಗಬಹುದು. ಬದುಕಿ ಹುಟ್ಟಿದ ಮಗುವೂ ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ್ದಾಗಿರಬಹುದು. ಅಂತಹ ಮಗುವಿಗೆ ಮೊದಲ ವರ್ಷವನ್ನು ದಾಟುವುದೇ ದೊಡ್ಡ ಪರೀಕ್ಷೆ.

ಈ ಅಪಾಯ ಎಲ್ಲೆಡೆಯೂ ಒಂದೇ ರೀತಿಯಲ್ಲಿಲ್ಲ. ಮಲೇರಿಯ ಸದಾ ಇರುವ ಆಫ್ರಿಕದ ಅನೇಕ ಪ್ರದೇಶಗಳಲ್ಲಿ, ಬಾಲ್ಯದಿಂದಲೇ ರೋಗವನ್ನು ಎದುರಿಸಿದ ಹೆಣ್ಣುಮಕ್ಕಳ ದೇಹವು ಸಾಕಷ್ಟು ನಿರೋಧಶಕ್ತಿಯನ್ನು ಗಳಿಸಿರುತ್ತದೆ. ಆದರೆ ಜರಾಯುವಿಗೆ ಅಂಟುವ ಬಗೆಯ ಪರೋಪಜೀವಿಯನ್ನು ಆ ದೇಹವು ಎದುರಿಸುವುದು ಚೊಚ್ಚಲ ಬಸಿರಿನಲ್ಲಿಯೇ. ಆದುದರಿಂದ ಮೊದಲ ಮಗುವಿಗೆ ಅಪಾಯ ಹೆಚ್ಚು. ಮುಂದಿನ ಬಸಿರುಗಳಲ್ಲಿ ಅದು ತಗ್ಗುತ್ತದೆ. ಮಲೇರಿಯ ಅಪರೂಪವಾಗಿರುವ ಕಡೆಗಳಲ್ಲಾದರೋ ಯಾವ ತಾಯಿಗೂ ಅಂತಹ ರಕ್ಷೆ ಇರುವುದಿಲ್ಲ. ನೆರೆಯ ಸಿಂಹಳದಲ್ಲಿ 1934-35ರಲ್ಲಿ ಮಳೆ ಕೈಕೊಟ್ಟು, ಹರಿಯುತ್ತಿದ್ದ ಹೊಳೆಗಳು ನಿಂತ ನೀರಿನ ಗುಂಡಿಗಳಾದವು. ಸೊಳ್ಳೆಗಳು ಹೆಚ್ಚಿ, ಸುಮಾರು 80,000 ಜನ ಮಲೇರಿಯಕ್ಕೆ ಬಲಿಯಾದರು. ಆ ದಿನಗಳಲ್ಲಿ ಗರ್ಭಿಣಿಯರು ಪಟ್ಟ ಪಾಡನ್ನು ಕೊಲಂಬೊದ ಪ್ರಸೂತಿ ವೈದ್ಯ ವಿಕ್ರಮಸೂರಿಯ ಅವರು ದಾಖಲಿಸಿದ್ದಾರೆ.

ಇಂತಹ ಶತ್ರುವನ್ನು ಜ್ವರ ಬಂದಮೇಲೆ ಎದುರಿಸುವೆವೆಂದು ಕೂರುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಆಫ್ರಿಕದ ಮಲೇರಿಯಪೀಡಿತ ಪ್ರದೇಶಗಳ ಗರ್ಭಿಣಿಯರಿಗೆ, ಜ್ವರವಿಲ್ಲದಿದ್ದರೂ, ನಾಲ್ಕನೆಯ ತಿಂಗಳಿನಿಂದ ಮೊದಲುಗೊಂಡು ಕನಿಷ್ಠ ಮೂರು ಬಾರಿ ಸಲ್ಫಡಾಕ್ಸಿನ್-ಪಿರಿಮೆಥಮಿನ್ ಮಾತ್ರೆಗಳನ್ನು ಕೊಡಬೇಕೆಂದು ಹೇಳಿದೆ. ಈ ಮಾತ್ರೆಗಳ ಬೆಲೆ ಅತ್ಯಲ್ಪ. ಆದರೂ 2022ರಲ್ಲಿ ಅಲ್ಲಿನ ಅರ್ಹ ಗರ್ಭಿಣಿಯರಲ್ಲಿ ಮೂರು ಬಾರಿ ಮಾತ್ರೆ ಪಡೆದವರು ನೂರಕ್ಕೆ 42 ಮಂದಿ ಮಾತ್ರ. ಔಷಧವು ಅಂಗಡಿಯಲ್ಲಿದ್ದರೆ ಸಾಲದು. ಅದು ದೂರದ ಗುಡಿಸಿಲಿನ ತಾಯಿಯ ಅಂಗೈಯನ್ನು ತಲುಪಬೇಕು.

ಭಾರತದಲ್ಲಿ ಈ ಮಾತ್ರೆಯ ಪದ್ಧತಿಯಿಲ್ಲ. ಇಲ್ಲಿ ಜ್ವರ ಬಂದ ಗರ್ಭಿಣಿಯ ರಕ್ತವನ್ನು ತಡಮಾಡದೆ ಪರೀಕ್ಷಿಸಿ, ರೋಗವಿದ್ದರೆ ಕೂಡಲೇ ಚಿಕಿತ್ಸೆ ಕೊಡುವುದು ಕ್ರಮ. ಮಲೇರಿಯದ ಎಲ್ಲ ಔಷಧಗಳೂ ಗರ್ಭಿಣಿಗೆ ಸಲ್ಲುವುದಿಲ್ಲ. ಉದಾಹರಣೆಗೆ, ಪ್ರಿಮಾಕ್ವಿನ್ ಮಾತ್ರೆಯನ್ನು ಆಕೆಗೆ ಕೊಡಬಾರದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಯಾವ ಮಾತ್ರೆಯನ್ನೂ ನುಂಗಬಾರದು. ವೈದ್ಯರು ಕೊಟ್ಟುದನ್ನು ಅರ್ಧಕ್ಕೆ ನಿಲ್ಲಿಸಲೂಬಾರದು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದ ದಿನಗಳಿಂದ ಇಂದಿನವರೆಗೆ ದೇಶವು ಬಹುದೂರ ಸಾಗಿಬಂದಿದೆ. 2030ರ ವೇಳೆಗೆ ರೋಗವನ್ನು ತೊಡೆದುಹಾಕಬೇಕೆಂಬುದು ಈಗಿನ ಗುರಿ. ಆದರೆ ರೋಗ ಅಪರೂಪವಾದಷ್ಟೂ ಜನರ ನಿರೋಧಶಕ್ತಿ ಕುಗ್ಗುವುದರಿಂದ ಎಚ್ಚರವನ್ನು ಸಡಿಲಿಸುವಂತಿಲ್ಲ.

ಈ ಎಚ್ಚರದಲ್ಲಿ ಸರ್ಕಾರದ ಪಾಲಿರುವಂತೆ ಮನೆಯವರ ಪಾಲೂ ಇದೆ. ನೀರಿನ ತೊಟ್ಟಿಗೆ ಮುಚ್ಚಳ ಹಾಕುವುದು, ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಗರ್ಭಿಣಿಗೆ ಜ್ವರ ಬಂದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು, ಇವು ಯಾರಿಗೂ ಅಸಾಧ್ಯವಾದ ಕೆಲಸಗಳಲ್ಲ. ಮನೆಯಲ್ಲಿ ಇರುವುದು ಒಂದೇ ಸೊಳ್ಳೆಪರದೆಯಾದರೆ, ಅದು ಯಾರ ಹಾಸಿಗೆಯ ಮೇಲೆ ಇಳಿಯಬೇಕೆಂಬುದನ್ನು ಚರ್ಚಿಸಬೇಕಾಗಿಲ್ಲ. ಬಸುರಿಯ ಬಯಕೆಯನ್ನು ಕೇಳಿ ತೀರಿಸುವ ಹಿರಿಯರು, ಆಕೆ ಬಾಯಿಬಿಟ್ಟು ಕೇಳದ ಈ ಒಂದು ರಕ್ಷೆಯನ್ನೂ ಮರೆಯದೆ ಒದಗಿಸಬೇಕು.