ಬ್ಯಾಂಡ್ ಕಟ್ಟುವ ಖರ್ಚು

ಜಪಾನಿನಲ್ಲಿ ಹೊಸದಾಗಿ ರಾಕ್ ಬ್ಯಾಂಡ್ ಕಟ್ಟಿಕೊಂಡವರು ವೇದಿಕೆ ಹತ್ತಿದರೆ ಸಾಮಾನ್ಯವಾಗಿ ಕೈಗೆ ದುಡ್ಡು ಬರುವುದಿಲ್ಲ, ಕೈಯಿಂದ ಹೋಗುತ್ತದೆ. ಅಲ್ಲಿನ ಲೈವ್‌ಹೌಸ್ ಎಂಬ ಪುಟ್ಟ ಸಂಗೀತದ ಅಡ್ಡಾಗಳಲ್ಲಿ ‘ನೊರುಮಾ’ ಎಂಬ ಪದ್ಧತಿಯಿದೆ. ಇಂತಿಷ್ಟು ಟಿಕೆಟ್ ಮಾರಲೇಬೇಕು, ಮಾರದೆ ಉಳಿದದ್ದಕ್ಕೆ ಬ್ಯಾಂಡಿನವರೇ ದುಡ್ಡು ತೆರಬೇಕು. 2,000 ಯೆನ್ ಬೆಲೆಯ 20 ಟಿಕೆಟ್ ಪಾಲಿಗೆ ಬಂತು ಅಂದುಕೊಳ್ಳಿ. ಒಂದೂ ಹೋಗದಿದ್ದರೆ 40,000 ಯೆನ್ ಖೋತಾ, ಐದು ಜನರಿಗೆ ತಲಾ 8,000. ಟೋಕಿಯೊದಲ್ಲಿ ಕೆಲಸದಲ್ಲಿದ್ದಾಗ ನನ್ನ ಪಕ್ಕದ ಮೇಜಿನವನು ಇಂಥದೊಂದು ಬ್ಯಾಂಡಿನ ಡ್ರಮ್ಮರ್. ಪ್ರದರ್ಶನ ಹತ್ತಿರವಾದಂತೆ ಟಿಕೆಟ್ ಹಿಡಿದು ಆಫೀಸೆಲ್ಲ ಸಂಕೋಚದಿಂದ ಸುತ್ತುತ್ತಿದ್ದ. ನಾನೂ ಕೊಂಡು ಹೋಗಿದ್ದೆ. ಸಂಗೀತ ಹೇಗಿತ್ತು ಅಂತ ಕೇಳಬೇಡಿ, ಮಾರನೆಯ ದಿನ ಮಧ್ಯಾಹ್ನದವರೆಗೂ ಕಿವಿ ಗುಂಯ್ ಅನ್ನುತ್ತಿತ್ತು.

ಕೈಯಿಂದ ಹಾಕಿಕೊಂಡು ಯಾಕೆ ಬಾರಿಸುತ್ತೀಯ ಅಂತ ಕೇಳಿದೆ. “ಗರಿಷ್ಠ ಎಷ್ಟು ಹೋಗುತ್ತೆ ಅಂತ ಮೊದಲೇ ಗೊತ್ತಲ್ಲ. ಬಾಸ್‌ನ ಗಾಲ್ಫಿಗೆ ಇದಕ್ಕಿಂತ ಜಾಸ್ತಿ ಹೋಗುತ್ತೆ” ಅಂದ. ಹಣಕಾಸಿನ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿದ್ದ.

ಮೊಬೈಲಿನಲ್ಲಿ ಬ್ಯಾಂಡ್ ನಡೆಸುವ ಆಟವನ್ನು ನನಗೆ ತೋರಿಸಿಕೊಟ್ಟವನೂ ಅವನೇ. ಹೆಸರು ‘ಬ್ಯಾಂಗ್ ಡ್ರೀಮ್! ಗರ್ಲ್ಸ್ ಬ್ಯಾಂಡ್ ಪಾರ್ಟಿ!’, ಆಡುವವರ ಬಾಯಲ್ಲಿ ‘ಬಂದೋರಿ’. 2017ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂತು. ತಯಾರಿಸಿದ್ದು ಕ್ರಾಫ್ಟ್ ಎಗ್, ಹಿಂದಿದ್ದದ್ದು ಬುಶಿರೋಡ್ ಕಂಪನಿ. ನೀವು ‘ಸರ್ಕಲ್’ ಎಂಬ ಲೈವ್‌ಹೌಸಿಗೆ ಹೊಸದಾಗಿ ಸೇರಿದ ಕೆಲಸದವರು. ಐದು ಬ್ಯಾಂಡು, ಬ್ಯಾಂಡಿಗೆ ಐವರಂತೆ ಇಪ್ಪತ್ತೈದು ಹುಡುಗಿಯರು. ಬರಬರುತ್ತಾ ಇನ್ನಷ್ಟು ಬ್ಯಾಂಡು ಸೇರಿದವು. ಪರದೆಯ ಮೇಲಿಂದ ಏಳು ಸಾಲಿನಲ್ಲಿ ಇಳಿದು ಬರುವ ಗುರುತುಗಳನ್ನು ತಾಳಕ್ಕೆ ಸರಿಯಾಗಿ ಬೆರಳಿನಿಂದ ಬಡಿಯಬೇಕು. ಗಳಿಸಿದ ನಾಣ್ಯಗಳಿಂದ ಲೈವ್‌ಹೌಸಿಗೆ ಮೈಕು, ಗಿಟಾರು, ಪೋಸ್ಟರು ತಂದು ಹಾಕಿದರೆ ಬ್ಯಾಂಡಿನ ಬಲ ಏರುತ್ತದೆ. ಇದರಲ್ಲಿ ಪಾಪಿನ್ ಪಾರ್ಟಿ ಎಂಬ ಬ್ಯಾಂಡಿಗೆ ದನಿ ಕೊಟ್ಟ ಐವರೂ ನಿಜವಾಗಿಯೂ ವಾದ್ಯ ನುಡಿಸುವವರು; ಆಟ ಬಂದ ವರ್ಷವೇ ಆಗಸ್ಟ್‌ನಲ್ಲಿ ಬುಡೋಕಾನ್ ಸಭಾಂಗಣದಲ್ಲಿ ಕಛೇರಿ ಕೊಟ್ಟರು.

ಕಥೆಯ ಕಡೆಗೆ ಕಣ್ಣು ಹಾಯಿಸಿದರೆ ದುಡ್ಡಿನ ವಾಸನೆ ಅಲ್ಲಲ್ಲಿ ಬರುತ್ತದೆ. ಪಾಪಿನ್ ಪಾರ್ಟಿಯ ಕಸುಮಿಗೆ ನಕ್ಷತ್ರದಾಕಾರದ ಗಿಟಾರ್ ಸಿಗುವುದು ಗೆಳತಿಯ ಅಜ್ಜಿಯ ಗಿರವಿ ಅಂಗಡಿಯ ಉಗ್ರಾಣದಲ್ಲಿ. ಡ್ರಮ್ ಬಾರಿಸುವ ಸಾಯಾ ಬೇಕರಿಯವರ ಮಗಳು, ಮನೆಯ ಕೆಲಸ ಬಿಟ್ಟು ಬರಲಾಗದ ಸಂಕಟ ಅವಳದು. ಹೆಲೋ ಹ್ಯಾಪಿ ವರ್ಲ್ಡ್‌ನ ಕೊಕೊರೊ ಆಗರ್ಭ ಶ್ರೀಮಂತೆ, ಬಾಯಿಬಿಟ್ಟು ಕೇಳುವ ಮೊದಲೇ ಕಪ್ಪು ಸೂಟಿನ ಆಳುಗಳು ಎಲ್ಲವನ್ನೂ ತಂದಿಡುತ್ತಾರೆ. ಪಾಸ್ಟೆಲ್ ಪ್ಯಾಲೆಟ್ಸ್ ಅನ್ನುವುದು ಏಜೆನ್ಸಿಯೊಂದು ಹುಡುಗಿಯರನ್ನು ಆರಿಸಿ ಹುಟ್ಟಿಸಿದ ಬ್ಯಾಂಡ್. ಮೊದಲ ಪ್ರದರ್ಶನದಲ್ಲೇ ನುಡಿಸುವ ನಟನೆ ಮಾಡಿ ಸಿಕ್ಕಿಬೀಳುತ್ತಾರೆ. ಬಂಡವಾಳ ಹೂಡಿದವರ ಅವಸರ ಏನೆಲ್ಲ ಮಾಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಆದರೆ ಸರ್ಕಲ್‌ನಲ್ಲಿ ಯಾರೂ ಯಾರನ್ನೂ ನೊರುಮಾ ಕೇಳುವುದಿಲ್ಲ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ. ಬ್ಯಾಂಡು ಪುಕ್ಕಟೆ, ಹಾಡುಗಳೂ ಪುಕ್ಕಟೆ. ‘ಬೂಸ್ಟ್’ ಎಂಬ ಇಂಧನ ಅರ್ಧ ಗಂಟೆಗೊಂದರಂತೆ ತುಂಬಿಕೊಳ್ಳುತ್ತದೆ; ಅದು ಖಾಲಿಯಾದರೆ ಬಹುಮಾನ ಕಡಿಮೆಯಾಗುತ್ತದೆಯೇ ಹೊರತು ಆಟ ನಿಲ್ಲುವುದಿಲ್ಲ. ನಾನು ರೈಲಿನಲ್ಲಿ ಆಡಿದ್ದೆಲ್ಲ ಬಹುಪಾಲು ಹೀಗೆಯೇ.

ಹಾಗಾದರೆ ಕಂಪನಿಗೆ ದುಡ್ಡು ಎಲ್ಲಿಂದ? ಚಿತ್ರಗಳಿಂದ. ಅದೇ ಹುಡುಗಿಯರು ಹೊಸ ಉಡುಪಿನಲ್ಲಿ, ಹೊಸ ಭಂಗಿಯಲ್ಲಿ ಇರುವ ಕಾರ್ಡುಗಳಿಂದ. ಕಾರ್ಡನ್ನು ನೇರವಾಗಿ ಕೊಳ್ಳಲಾಗದು, ‘ಗಾಚಾ’ ಎಂಬ ಅದೃಷ್ಟದ ಯಂತ್ರದಿಂದ ಎಳೆಯಬೇಕು. ಅದಕ್ಕೆ ಕಟ್ಟುವ ಆಟದೊಳಗಿನ ದುಡ್ಡಿನ ಹೆಸರು ನಕ್ಷತ್ರ: ಒಂದು ಎಳೆತಕ್ಕೆ 250, ಹತ್ತಕ್ಕೆ 2,500. ನಮ್ಮೂರಿನ ಜಾತ್ರೆಯಲ್ಲಿ ರಟ್ಟಿಗೆ ಅಂಟಿಸಿದ ಚೀಟಿ ಹರಿದು ನಂಬರ್ ನೋಡುತ್ತಿದ್ದೆವಲ್ಲ, ಅದರ ಮೊಮ್ಮಗಳು ಇದು. ಒಂದೇ ವ್ಯತ್ಯಾಸ: ಜಾತ್ರೆಯಲ್ಲಿ ಚೀಟಿ ಮುಗಿಯುತ್ತಾ ಬಂದ ಹಾಗೆ ದೊಡ್ಡ ಬಹುಮಾನ ಹತ್ತಿರ ಬರುತ್ತಿತ್ತು (ಅಂಗಡಿಯವನು ಅದನ್ನು ಮೊದಲೇ ಎತ್ತಿಟ್ಟಿರದಿದ್ದರೆ). ಇಲ್ಲಿ ಎಷ್ಟು ಹರಿದರೂ ರಟ್ಟು ಹೊಸದು.

ಲೆಕ್ಕ ನೋಡೋಣ. ಕಾರ್ಡು ಎಷ್ಟು ಅಪರೂಪ ಎಂಬುದನ್ನೂ ನಕ್ಷತ್ರದಲ್ಲೇ ಎಣಿಸುತ್ತಾರೆ; ನಾನು ಆಡುತ್ತಿದ್ದಾಗ ಮಾಮೂಲಿ ದಿನಗಳಲ್ಲಿ ನಾಲ್ಕು ನಕ್ಷತ್ರದ ಕಾರ್ಡ್ ಬರುವ ಸಂಭವ ಶೇ 3 ಇತ್ತು. ಹತ್ತು ಎಳೆದರೆ ಒಂದಾದರೂ ಬರುವ ಸಂಭವ ಶೇ 26, ನಾಲ್ಕರಲ್ಲಿ ಒಂದು ಸಲ ಎನ್ನಬಹುದು. ಕೇಳಲು ಚೆನ್ನಾಗಿದೆ. ಆದರೆ ಯಾವುದೋ ಒಂದು ನಾಲ್ಕು ನಕ್ಷತ್ರದ ಕಾರ್ಡ್ ಯಾರಿಗೂ ಬೇಡ. ಬೇಕಾದದ್ದು ತನ್ನ ಮೆಚ್ಚಿನ ಹುಡುಗಿಯ ಈ ವಾರದ ಕಾರ್ಡ್. ಅದರ ಸಂಭವ ಶೇ ಅರ್ಧ ಎಂದಿಟ್ಟುಕೊಳ್ಳಿ, ಎಂದರೆ ಇನ್ನೂರಕ್ಕೆ ಒಂದು. ಇನ್ನೂರು ಸಲ ಎಳೆದರೆ ಬಂದೇ ಬರುತ್ತದೆ ಎಂದು ಮನಸ್ಸು ಹೇಳುತ್ತದೆ, ಗಣಿತ ಒಪ್ಪುವುದಿಲ್ಲ. ಇನ್ನೂರು ಸಲ ಎಳೆದವರು ನೂರು ಜನ ಇದ್ದರೆ ಸುಮಾರು 63 ಮಂದಿಗೆ ಸಿಕ್ಕಿರುತ್ತದೆ, ಉಳಿದ 37 ಮಂದಿ ಬರಿಗೈಯಲ್ಲಿ ಕೂತಿರುತ್ತಾರೆ. ಇನ್ನೂರು ಎಳೆತಕ್ಕೆ 50,000 ನಕ್ಷತ್ರ. ನಕ್ಷತ್ರಕ್ಕೊಂದು ಯೆನ್ ಎಂದು ಹಿಡಿದರೂ ಡ್ರಮ್ಮರ್ ಗೆಳೆಯನ ಇಡೀ ಬ್ಯಾಂಡಿನ ನೊರುಮಾಕ್ಕಿಂತ ಹೆಚ್ಚಾಯಿತು. ಅಷ್ಟಾದರೂ ಚಿತ್ರ ಸಿಗುತ್ತದೆಂಬ ಖಾತರಿಯಿಲ್ಲ.

ನನಗೆ ತಕರಾರು ಇರುವುದು ಚಿತ್ರಕ್ಕೆ ದುಡ್ಡು ಕೊಡುವುದರ ಬಗ್ಗೆ ಅಲ್ಲ. ಮನಸ್ಸಿಗೆ ಹಿತವಾದದ್ದಕ್ಕೆ ಖರ್ಚು ಮಾಡದೆ ಕೂಡಿಟ್ಟು ಏನು ಮಾಡುವುದು? ತಕರಾರು ಬೆಲೆಚೀಟಿಯ ಬಗ್ಗೆ. ಯೆನ್ ಕೊಟ್ಟು ನಕ್ಷತ್ರ ಕೊಂಡ ಕ್ಷಣದಿಂದ ಅದು ದುಡ್ಡಿನಂತೆ ಕಾಣುವುದಿಲ್ಲ. ಆಡಿ ಗಳಿಸಿದ ಪುಕ್ಕಟೆ ನಕ್ಷತ್ರಗಳೂ ಅದೇ ರಾಶಿಯಲ್ಲಿ ಕಾಣುತ್ತವೆ. ಇಂಥ ಆಟಗಳಲ್ಲಿ ಮಾರುವ ಕಟ್ಟುಗಳ ಅಳತೆ ಹತ್ತರ ಎಳೆತಕ್ಕೆ ಸರಿಯಾಗಿ ಕೂರುವುದೂ ಅಪರೂಪ; ಸದಾ ಒಂದಿಷ್ಟು ಉಳಿಯುತ್ತದೆ, ಉಳಿದದ್ದು ಇನ್ನೊಂದು ಕಟ್ಟು ಕೊಳ್ಳೋಣವೇ ಅನ್ನುತ್ತದೆ.

ಜಪಾನಿನ ಸರ್ಕಾರ ಇದನ್ನೆಲ್ಲ ನೋಡುತ್ತ ಕೂತಿರಲಿಲ್ಲ. 2012ರವರೆಗೆ ‘ಕಂಪು ಗಾಚಾ’ ಎಂಬುದೊಂದಿತ್ತು: ಗಾಚಾದಿಂದ ಇಂತಿಂಥ ಕಾರ್ಡುಗಳನ್ನೆಲ್ಲ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ. ಹತ್ತು ಕಾರ್ಡುಗಳ ಸೆಟ್ ಅಂದುಕೊಳ್ಳಿ, ಎಲ್ಲಕ್ಕೂ ಸಮಾನ ಸಂಭವ. ಪೂರ್ತಿ ಕೂಡಲು ಸರಾಸರಿ 29 ಎಳೆತ ಬೇಕು, ಅದರಲ್ಲಿ ಹತ್ತು ಕೊನೆಯ ಒಂದೇ ಕಾರ್ಡಿಗೆ. ಒಂಬತ್ತು ಕೈಯಲ್ಲಿಟ್ಟುಕೊಂಡು ಯಾರು ತಾನೆ ಎದ್ದು ಹೋಗುತ್ತಾರೆ? ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಇದಕ್ಕೆ ಕಡಿವಾಣ ಹಾಕಲಿದೆ ಎಂಬ ಸುದ್ದಿ ಹೊರಬಿದ್ದಾಗ ಗ್ರೀ, ಡಿಎನ್‌ಎ ಎಂಬ ಮೊಬೈಲ್ ಆಟದ ಕಂಪನಿಗಳ ಷೇರು ಒಂದೇ ದಿನದಲ್ಲಿ ಶೇ 20ರ ಆಸುಪಾಸು ಕುಸಿದವು. ಕಂಪು ಗಾಚಾ ಕಾನೂನಿಗೆ ವಿರುದ್ಧ ಎಂದು ಗ್ರಾಹಕ ವ್ಯವಹಾರಗಳ ಸಂಸ್ಥೆ ಹೇಳಿತು. ಸಾದಾ ಗಾಚಾ ಉಳಿದುಕೊಂಡಿತು. 2016ರಲ್ಲಿ ಗ್ರ್ಯಾನ್‌ಬ್ಲೂ ಫ್ಯಾಂಟಸಿ ಎಂಬ ಆಟದ ಒಂದೇ ಪಾತ್ರಕ್ಕಾಗಿ ಜನ ಲಕ್ಷಾಂತರ ಯೆನ್ ಸುರಿದು ಗಲಾಟೆಯಾದಾಗ, 300 ಎಳೆತ ಮುಗಿಸಿದವರು ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂಬ ಮಿತಿ ಅಲ್ಲಿ ಬಂತು. ಆ ಮಿತಿಯೇ 90,000 ಯೆನ್! ಆದರೂ ಅದು ದೊಡ್ಡ ಬದಲಾವಣೆ ಅನ್ನುತ್ತೇನೆ. ಗರಿಷ್ಠ ಎಷ್ಟು ಹೋಗುತ್ತದೆ ಎಂಬುದಕ್ಕೆ ಅಲ್ಲಿಗೆ ಉತ್ತರವಾದರೂ ಸಿಕ್ಕಿತು. 2017ರ ಕೊನೆಯಲ್ಲಿ ಆಪಲ್, 2019ರಲ್ಲಿ ಗೂಗಲ್, ಸಂಭವದ ಪ್ರಮಾಣವನ್ನು ಕೊಳ್ಳುವ ಮುಂಚೆಯೇ ತೋರಿಸಬೇಕೆಂದು ನಿಯಮ ಮಾಡಿದವು. ಆ ಪಟ್ಟಿ ಗಾಚಾ ಪರದೆಯ ಮೂಲೆಯ ಚಿಕ್ಕ ಗುಂಡಿಯ ಹಿಂದೆ ಅಡಗಿರುತ್ತದೆ. ಓದಿದವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಈಗ ನನಗೆ ಎಲ್ಲಕ್ಕಿಂತ ಕುತೂಹಲದ ವಿಷಯ. ಬಂದೋರಿಯ ಇಂಗ್ಲಿಷ್ ಆವೃತ್ತಿ ಬಂದದ್ದು 2018ರ ಏಪ್ರಿಲ್‌ನಲ್ಲಿ, ಜಪಾನಿನದಕ್ಕಿಂತ ಒಂದು ವರ್ಷ ತಡವಾಗಿ. ಬಹುಕಾಲ ಇಂಗ್ಲಿಷ್‌ನಲ್ಲಿ ಆಡುವವರು ಜಪಾನಿನವರ ಹಿಂದೆ ಸುಮಾರು ಒಂದು ವರ್ಷ ನಡೆದರು. ಎಂದರೆ ಮುಂದಿನ ಹಬ್ಬಕ್ಕೆ ಯಾವ ಕಾರ್ಡು ಬರುತ್ತದೆ, ಸಂಭವ ಇಮ್ಮಡಿಯಾಗುವ ವಿಶೇಷ ಗಾಚಾ ಹೆಚ್ಚುಕಡಿಮೆ ಯಾವಾಗ ಎಂಬುದೆಲ್ಲ ಅವರಿಗೆ ವರ್ಷ ಮೊದಲೇ ಗೊತ್ತಿತ್ತು! ಷೇರುಪೇಟೆಯಲ್ಲಿ ಇಂಥ ದಿವ್ಯದೃಷ್ಟಿಗೆ ಜನ ಏನು ಬೇಕಾದರೂ ಕೊಟ್ಟಾರು. ಹಣಕಾಸಿನ ಸಲಹೆಗಾರರೆಲ್ಲ ಹೇಳುವುದು, ಭವಿಷ್ಯ ಗೊತ್ತಿಲ್ಲ, ಅದಕ್ಕೇ ಉಳಿಸಿ ಅಂತ. ಇಲ್ಲಿ ಭವಿಷ್ಯ ಕಣ್ಣೆದುರೇ ಇತ್ತು. ಉಳಿಸಿದರಾ?

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ ಇಂಗ್ಲಿಷ್ ಆವೃತ್ತಿ ಆಡುತ್ತಿದ್ದ, ಈ ಹುಚ್ಚು ಹತ್ತಿಸಿದ್ದು ನಾನೇ ಎಂಬುದು ಅಕ್ಕನ ಖಾಯಂ ಆರೋಪ. ರೋಸೆಲಿಯಾ ಬ್ಯಾಂಡಿನ ಯುಕಿನಾ ಎಂದರೆ ಅವನಿಗೆ ಪ್ರಾಣ. ಅವಳ ಒಂದು ಕಾರ್ಡ್ ಇನ್ನು ಕೆಲವು ತಿಂಗಳಿಗೆ ಬರಲಿದೆ ಎಂದು ಹೇಳಿ ಅದರ ಚಿತ್ರವನ್ನೂ ತೋರಿಸಿದ್ದ. ಅದಕ್ಕಾಗಿ ನಕ್ಷತ್ರ ಕೂಡಿಡುತ್ತಿದ್ದ ಕೂಡ. ಅಷ್ಟರಲ್ಲಿ ನಡುವೆ ಇನ್ಯಾವುದೋ ಗಾಚಾ ಬಂತು.

“ಚಿಕ್ಕಮ್ಮಾ, ಒಂದೇ ಒಂದು ಹತ್ತರ ಪುಲ್ ಮಾಡ್ಲಾ?”

“ನಿನ್ನ ನಕ್ಷತ್ರ ಕಣೋ, ನನ್ನನ್ಯಾಕೆ ಕೇಳ್ತೀಯ?”

“ನೀವು ಬೇಡ ಅಂದ್ರೆ ಬಿಟ್ಬಿಡ್ತೀನಿ.”

ಬೇಡ ಅನ್ನಲಿಲ್ಲ ನಾನು. ಅವನು ಕೇಳುತ್ತಿದ್ದದ್ದು ಅನುಮತಿಯನ್ನಲ್ಲ, ತಡೆಗೋಡೆಯನ್ನು. ಮುಂದೇನು ಬರುತ್ತದೆ ಎಂಬ ತಿಳಿವಳಿಕೆ ಅವನಲ್ಲಿ ಬೇಕಾದಷ್ಟಿತ್ತು. ಇಲ್ಲದ್ದು, ಈ ಕ್ಷಣದ ಬೆರಳಿಗೂ ಆ ಗುಂಡಿಗೂ ನಡುವೆ ಒಂದಿಷ್ಟು ದೂರ. ನಿವೃತ್ತಿಗೆ, ಮಗಳ ಕಾಲೇಜಿಗೆ, ಶ್ರಾವಣದ ಮದುವೆಗಳಿಗೆ ದುಡ್ಡು ಬೇಕೆಂದು ನಮಗೆ ಗೊತ್ತಿಲ್ಲವೇ? ದಿನಾಂಕ ಸಮೇತ ಗೊತ್ತು.

ಆ ದೂರ ನನಗೆ ಜಪಾನಿನಲ್ಲಿ ತಾನಾಗಿಯೇ ಸಿಕ್ಕಿತ್ತು. ಅಲ್ಲಿನ ಸೆವೆನ್-ಇಲೆವೆನ್‌ನಂಥ ಅಂಗಡಿಗಳಲ್ಲಿ ಆ್ಯಪ್ ಸ್ಟೋರಿನ ಪ್ರೀಪೇಯ್ಡ್ ಕಾರ್ಡುಗಳು ಗೋಡೆಗೆ ಸಾಲಾಗಿ ತೂಗುತ್ತಿರುತ್ತವೆ. ಫೋನಿಗೆ ಬ್ಯಾಂಕ್ ಕಾರ್ಡ್ ಜೋಡಿಸದೆ, ಆಟಕ್ಕೆ ದುಡ್ಡು ಹಾಕಬೇಕೆನಿಸಿದಾಗ ಅಂಗಡಿಗೆ ನಡೆದು, ನೋಟು ಕೊಟ್ಟು ಕಾರ್ಡ್ ತರುತ್ತಿದ್ದೆ. ಚಳಿಗಾಲದ ರಾತ್ರಿ ಕೋಟು ಹಾಕಿಕೊಂಡು ಹೊರಗೆ ಹೋಗಬೇಕೆಂದರೆ ಎಷ್ಟೋ ಕಾರ್ಡುಗಳ ಮೇಲಿನ ಆಸೆ ಬಾಗಿಲ ಹತ್ತಿರವೇ ಇಳಿದುಹೋಗುತ್ತಿತ್ತು. ತಂದದ್ದನ್ನು ಕಾಕೆಬೊದಲ್ಲಿ ಬರೆಯುತ್ತಿದ್ದೆ. ಕಾಕೆಬೊ ಎಂದರೆ ಮನೆ ಖರ್ಚಿನ ಪುಸ್ತಕ. ಪತ್ರಕರ್ತೆ ಹಾನಿ ಮೊತೊಕೊ 1904ರಲ್ಲಿ ಗೃಹಿಣಿಯರಿಗಾಗಿ ಅಚ್ಚು ಹಾಕಿಸಿದಾಗಿನಿಂದ ಅಲ್ಲಿ ಮನೆಮಾತು. ಅದರಲ್ಲಿ ನಕ್ಷತ್ರ ಎಂದು ನಾನು ಬರೆಯುತ್ತಿರಲಿಲ್ಲ, ಯೆನ್ ಎಂದೇ ಬರೆಯುತ್ತಿದ್ದೆ. ಮತ್ತು ಕಾರ್ಡ್ ಸಿಕ್ಕಿತೋ ಇಲ್ಲವೋ ಎಂಬುದನ್ನು ದಾಖಲಿಸುತ್ತಿರಲಿಲ್ಲ, ಯಾಕೆಂದರೆ ಖರ್ಚಿಗೂ ಫಲಕ್ಕೂ ಅಲ್ಲಿ ಸಂಬಂಧವೇ ಇಲ್ಲ.

ಕೊಂಡಿಟ್ಟ ನಕ್ಷತ್ರಗಳಿಗೆ ಜಪಾನಿನಲ್ಲಿ ಇನ್ನೊಂದು ರಕ್ಷಣೆಯಿದೆ, ಇದು ನಮ್ಮ ವಾಲೆಟ್ಟುಗಳ ವಿಷಯ ಯೋಚಿಸುವವರಿಗೂ ಉಪಯುಕ್ತ. 2010ರಲ್ಲಿ ಜಾರಿಗೆ ಬಂದ ಪಾವತಿ ಸೇವೆಗಳ ಕಾನೂನಿನ ಪ್ರಕಾರ, ಹೀಗೆ ಮುಂಗಡವಾಗಿ ಮಾರಿ ಇನ್ನೂ ಬಳಕೆಯಾಗದ ಮೊತ್ತ 1 ಕೋಟಿ ಯೆನ್ ದಾಟಿದರೆ ಕಂಪನಿ ಅದರ ಅರ್ಧವನ್ನಾದರೂ ಠೇವಣಿಯಾಗಿ ಇಡಬೇಕು. ಆಟ ಮುಚ್ಚಿದರೆ, ದುಡ್ಡು ಕೊಟ್ಟು ಕೊಂಡು ಬಳಸದೆ ಉಳಿಸಿದ್ದನ್ನು ಹಿಂದಿರುಗಿಸಬೇಕು. ಪುಕ್ಕಟೆ ಸಿಕ್ಕಿದ್ದಕ್ಕೆ ಇಲ್ಲ. ಎಳೆದ ಕಾರ್ಡುಗಳಿಗೂ ಇಲ್ಲ. ಅವು ಆಟದೊಂದಿಗೇ ಮಾಯ. ಹಾಗಾಗಿ ಆಟದೊಳಗೆ ನಿಮ್ಮದೆನ್ನಬಹುದಾದ ಆಸ್ತಿ ಯಾವುದಾದರೂ ಇದ್ದರೆ ಅದು ಕೊಂಡು ಖರ್ಚು ಮಾಡದ ನಕ್ಷತ್ರ ಮಾತ್ರ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾನೂನು ಬಂತು. ಅದರ ಕಣ್ಣಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯ ಆಟಗಳ ಮೇಲೆ. ಗಾಚಾದಲ್ಲಿ ಗೆಲ್ಲುವುದು ಚಿತ್ರ, ಅದನ್ನು ಮಾರಿ ರೂಪಾಯಿ ಮಾಡಲು ಆಟದ ನಿಯಮ ಬಿಡುವುದಿಲ್ಲ. ಹಾಗಾಗಿ ಇಲ್ಲಿನ ಕಾವಲು ಮನೆಯವರದೇ.

ಅಕ್ಕನ ಮಗನ ಫೋನಿನಲ್ಲಿ ಗೂಗಲ್ ಪ್ಲೇ ಬಜೆಟ್ ಹಾಕಿಕೊಡು ಎಂದು ಅಕ್ಕ ಹೇಳಿದಳು. ಹಾಕಿಕೊಟ್ಟೆ. ಆದರೆ ಆ ಬಜೆಟ್ ಎಚ್ಚರಿಸುತ್ತದೆ, ತಡೆಯುವುದಿಲ್ಲ. ಮಿತಿ ದಾಟಿದ ಮೇಲೂ ಕೊಳ್ಳಬಹುದು. ಆದ್ದರಿಂದ ಖಾತೆಯಿಂದ ಕಾರ್ಡನ್ನೂ ಯುಪಿಐಯನ್ನೂ ತೆಗೆಸಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿದೆವು. ತಿಂಗಳ ಮೊದಲ ಭಾನುವಾರ ಅವನ ಕೈಖರ್ಚಿನಿಂದ ಗೊತ್ತಾದಷ್ಟು ರೂಪಾಯಿಯ ಗಿಫ್ಟ್ ಕೋಡ್ ಅಕ್ಕನೇ ತಂದುಕೊಡುತ್ತಾಳೆ. ಎಷ್ಟು ಎಂಬುದರ ಬಗ್ಗೆ ಇಬ್ಬರಿಗೂ ಇನ್ನೂ ಚೌಕಾಸಿ ನಡೆದಿದೆ, ಮತ್ತು ಅವನು ಈಚೆಗೆ ಭಾನುವಾರ ಬದಲು ಶನಿವಾರ ಕೊಡಿ ಅನ್ನುತ್ತಿದ್ದಾನಂತೆ.