ಕೇಳದೆ ಮುಗಿಯಲಿ ಕೆಲಸ

ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಮೈಸೂರಿನಲ್ಲೋ ಓದಿ, ಈಗ ಬೆಂಗಳೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತಿರುವ ನಮ್ಮ ಕಡೆಯ ಮಕ್ಕಳೇ, ನಿಮ್ಮ ಕಿವಿಗೆ ಒಂದು ಮಾತು ಹಾಕಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಕಂಪ್ಯೂಟರ್ ಓದಿದವನಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಈಗ ಶ್ರೀಮಂಗಲದಲ್ಲಿ ಒಂದಿಷ್ಟು ರೊಬಸ್ಟಾ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಇಷ್ಟೇ ನನ್ನ ಪ್ರಪಂಚ. ಆದರೂ ನೀವು ಬರೆದದ್ದು ಕೊನೆಗೆ ಬಂದು ಸೇರುವುದು ನನ್ನಂಥವರ ಕೈಗೇ ಅಲ್ಲವೇ? ಆ ಸಲುಗೆಯಿಂದ ಹೇಳುತ್ತಿದ್ದೇನೆ.

ಒಂದು ಆ್ಯಪ್ ಗೆದ್ದಿತೋ ಸೋತಿತೋ ಎಂಬುದಕ್ಕೆ ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂದು ನೀವು ಎಣಿಸುತ್ತೀರಿ. ನನ್ನ ಅಳತೆ ಬೇರೆ. ಬಿರುನಾಣಿ ಕಡೆಯಿಂದ ಬಂದು ಪೇಟೆಯಲ್ಲಿ ಬಸ್ಸಿಳಿದ ಒಬ್ಬ ಮುದುಕ ಪಕ್ಕದವರನ್ನು ಕೇಳದೆ, ಮೊಮ್ಮಗಳು ರಜೆಗೆ ಬರಲಿ ಎಂದು ಕಾಯದೆ, ಝೆರಾಕ್ಸ್ ಅಂಗಡಿಯ ಹುಡುಗನ ಕೈಗೆ ಫೋನು ಕೊಡದೆ ತನ್ನ ಕೆಲಸ ತಾನೇ ಮುಗಿಸಿಕೊಂಡನೇ? ಮುಗಿಸಿಕೊಂಡರೆ ಗೆದ್ದಿತು. ಕೇಳುವುದರಲ್ಲಿ ಅವಮಾನವೇನೂ ಇಲ್ಲ ಬಿಡಿ, ಊರಿನಲ್ಲಿ ಒಬ್ಬರನ್ನೊಬ್ಬರು ಕೇಳಿಯೇ ಬದುಕುತ್ತೇವೆ. ಆದರೆ ಆ ಹುಡುಗನ ಕೈಗೆ ಫೋನು ಕೊಡುವಾಗ ಬ್ಯಾಂಕಿನ ಪಿನ್ನೂ ಜೊತೆಗೇ ಹೋಗುತ್ತದೆ. ಎಷ್ಟೋ ಜನ ಅದನ್ನು ಫೋನಿನ ಕವರಿನ ಒಳಗೆ ಚೀಟಿಯಲ್ಲಿ ಬರೆದೇ ಇಟ್ಟಿರುತ್ತಾರೆ. ಭದ್ರತೆಯ ಬಗ್ಗೆ ನೀವು ಎಷ್ಟೇ ಎಚ್ಚರಿಕೆ ಬರೆಯಿರಿ, ಬಳಸಲು ಕಷ್ಟವಾದರೆ ಜನ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟೇ ಕೊಡುತ್ತಾರೆ. ಸರಳತೆ ಬರೀ ಚೆಂದದ ಪ್ರಶ್ನೆ ಎಂದುಕೊಂಡವರು ಈ ಚೀಟಿಯನ್ನು ನೋಡಬೇಕು.

ಕನ್ನಡ ಬೆರಳಚ್ಚು ಯಂತ್ರದ ಕಾಲ ನಿಮಗೆ ಗೊತ್ತಿಲ್ಲ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ ಅದು. ಅಂದಿನ ಯಂತ್ರಕ್ಕೆ ಅದು ದೊಡ್ಡ ಸಾಧನೆಯೇ. ಆದರೆ ಅದರಲ್ಲಿ ಅಕ್ಷರವನ್ನು ಟೈಪಿಸ್ಟೇ ತುಂಡು ತುಂಡಾಗಿ ಕಟ್ಟಬೇಕಿತ್ತು. ಅಕ್ಷರದ ಮೈಗೆ ಒಂದು ಕೀಲಿ, ಕೊಂಬಿಗೆ ಇನ್ನೊಂದು, ದೀರ್ಘಕ್ಕೆ ಮತ್ತೊಂದು, ಒತ್ತಿಗೆ ಬೇರೆ. ತಿಂಗಳುಗಟ್ಟಲೆ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಪಾಸು ಮಾಡಿದವರಿಗೆ ಮಾತ್ರ ಒಲಿಯುತ್ತಿದ್ದ ವಿದ್ಯೆ. ಆಮೇಲೆ ಕಂಪ್ಯೂಟರ್ ಬಂತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಒಂದು ಪ್ರಶ್ನೆ ಕೇಳಿಕೊಂಡಿರಬೇಕು ಎಂದು ನನಗೆ ತೋರುತ್ತದೆ: ಆಕಾರ ಕಟ್ಟುವ ಕೆಲಸ ಮನುಷ್ಯ ಯಾಕೆ ಮಾಡಬೇಕು? ಕನ್ನಡ ಬಲ್ಲವನಿಗೆ ಉಚ್ಚಾರ ಗೊತ್ತು. ಅವನು ಉಚ್ಚಾರದ ಕ್ರಮದಲ್ಲಿ ಒತ್ತಲಿ, ಕೊಂಬು ಎಲ್ಲಿ ಬರಬೇಕು, ಒತ್ತು ಎಲ್ಲಿ ಕೂರಬೇಕು ಎಂಬುದು ಯಂತ್ರದ ಪಾಡು. ಹಾಗಾಗಿ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತಿತು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಖ. ಯಾವ ಒತ್ತಕ್ಷರವಾದರೂ ನಡುವೆ 'ಎಫ್' ಒಂದನ್ನೇ ಒತ್ತಿದರಾಯಿತು. ಮಧ್ಯಾಹ್ನ ಕಲಿಯಲು ಕೂತವನು ಸಂಜೆಗೆ ಒಂದು ಅರ್ಜಿ ಬರೆಯಬಹುದು. ಕೆ.ಪಿ. ರಾಯರು ಇದನ್ನು ಹಣಕ್ಕೆ ಮಾರಲಿಲ್ಲ, ಹಾಗೇ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ, ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ್ದು ಈ ವಿನ್ಯಾಸವೇ.

ಹೊರದೇಶದಲ್ಲಿದ್ದ ನಮ್ಮವರ ಕಷ್ಟ ಇನ್ನೊಂದು ಬಗೆಯದು. ಅವರಿಗೆ ದಿನವಿಡೀ ಇಂಗ್ಲಿಷ್ ಟೈಪಿಂಗು, ಕನ್ನಡಕ್ಕೆಂದು ಇನ್ನೊಂದು ಕೀಲಿಮಣೆ ಕಲಿಯುವ ವ್ಯವಧಾನವಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಎಂ, ಎ, ಎನ್, ಇ ಎಂದು ಒತ್ತಿದರೆ 'ಮನೆ' ಮೂಡುತ್ತಿತ್ತು. ರಾಯರ ಕ್ರಮವೇ ಶಾಸ್ತ್ರೀಯ, ಇದು ಬರೀ ಅಡ್ಡದಾರಿ ಎಂದು ಕೆಲವರು ಮೂಗು ಮುರಿದದ್ದುಂಟು. ನನಗೆ ಆ ಜಗಳ ಬೇಡ. ಇಬ್ಬರೂ ತಮ್ಮ ಎದುರಿಗೆ ಕೂತವನು ಯಾರು, ಅವನಿಗೆ ಈಗಾಗಲೇ ಏನು ಗೊತ್ತು ಎಂದು ನೋಡಿ ಅಲ್ಲಿಂದ ಶುರು ಮಾಡಿದರು.

ನಾನು ಲೆಕ್ಕದವನಾದ್ದರಿಂದ 'ಟ್ಯಾಲಿ'ಯನ್ನು ಬಿಟ್ಟು ಮಾತಾಡಲಾರೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್‌ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯದು. ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಖ್ಯೆ. ಗೊಬ್ಬರದ ಖಾತೆಗೆ ಒಂದು, ಸಾಗಾಟದ ಖರ್ಚಿಗೆ ಇನ್ನೊಂದು, ಎಲ್ಲ ಬಾಯಿಪಾಠ ಮಾಡಬೇಕು. ಗೋಯೆಂಕಾ ಅವರು ಆ ಸಂಖ್ಯೆಗಳನ್ನೇ ಕಿತ್ತುಹಾಕಿದರು. ಲೆಡ್ಜರಿನಲ್ಲಿ ನಾವು ಹೇಗೆ 'ಗೊಬ್ಬರ ಖಾತೆ' ಎಂದು ತಲೆಬರಹ ಬರೆಯುತ್ತಿದ್ದೆವೋ ಹಾಗೇ ಹೆಸರು ಬರೆದರೆ ಸಾಕು ಎಂದರು. ಗೋಣಿಕೊಪ್ಪಲಿನ ಅಂಗಡಿಗಳಿಂದ ಹಿಡಿದು ದೊಡ್ಡ ಕಂಪನಿಗಳವರೆಗೆ ಅದು ಹಬ್ಬಿದ್ದು ಹೇಗೆ ಎಂದು ಬೇರೆ ವಿವರಣೆ ಬೇಕಿಲ್ಲ. ಬಿ.ಕಾಂ. ಮುಗಿಸಿದ ಹೆಣ್ಣುಮಗಳ ಬಗ್ಗೆ ನಮ್ಮ ಕಡೆ ಇಂದಿಗೂ ಮೊದಲು ಕೇಳುವುದು "ಟ್ಯಾಲಿ ಬರುತ್ತದಾ?" ಎಂದು. ಒಂದು ಮಾತು ಮಾತ್ರ ನೆನಪಿಡಿ: ಟ್ಯಾಲಿ ಸರಳವಾಗಿರುವುದು ಜಮಾ-ಖರ್ಚು ಗೊತ್ತಿದ್ದವನಿಗೆ. ನನ್ನ ಹೆಂಡತಿಯ ಮುಂದಿಟ್ಟರೆ ಅವಳು ಎದ್ದು ಹೋಗುತ್ತಾಳೆ. ಎಲ್ಲರಿಗೂ ಸರಳ ಎಂಬುದು ಇಲ್ಲ, ಇಂಥವರಿಗೆ ಸರಳ ಎಂಬುದು ಮಾತ್ರ ಇದೆ. ಯಾರಿಗೆ ಎಂದು ತೀರ್ಮಾನಿಸದೆ ನೀವು ಕೀಲಿಮಣೆಗೆ ಕೈ ಹಾಕಿದರೆ ಯಾರಿಗೂ ಆಗದ ವಸ್ತು ಹುಟ್ಟುತ್ತದೆ.

ಇನ್ನು ಜಾಗದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ. ಅದಕ್ಕೂ ಮೊದಲು ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಲೆಕ್ಕಿಗರು ಸಿಕ್ಕಿದರೆ ಪಹಣಿ, ಮನಸ್ಸು ಮಾಡಿದರೆ ಖಾತೆ ಬದಲಾವಣೆ. 2000ದ ಆಸುಪಾಸಿನಲ್ಲಿ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. ಆಗ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರುತ್ತಿತ್ತು. ಇದೆಲ್ಲ ನಿಮಗೆ ಗೊತ್ತಿರಬಹುದು. ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಏರ್ಪಾಡು: ಕಿಂಡಿಯಲ್ಲಿ ನೌಕರನ ಮುಂದೆ ಒಂದು ಪರದೆ, ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ತನ್ನ ಜಾಗದ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆ ಎಂದು ರೈತ ನಿಂತಲ್ಲೇ ನೋಡಬಹುದಿತ್ತು. ಅವನಿಗೆ ಯಾವ ಬಟನ್ನನ್ನೂ ಕೊಡಲಿಲ್ಲ, ಏನನ್ನೂ ಕಲಿಸಲಿಲ್ಲ. ಅವನಿಗೆ ಬೇಕಾಗಿದ್ದುದು ನಂಬಿಕೆ, ಅದನ್ನು ಒಂದು ಪರದೆಯಲ್ಲಿ ಕೊಟ್ಟರು. ವಿನ್ಯಾಸ ಎಂದರೆ ಇದು ಎಂದು ನನ್ನ ಅಭಿಪ್ರಾಯ. ಮೂಲೆ ದುಂಡಗಿರಬೇಕೋ ಚೂಪಾಗಿರಬೇಕೋ ಎಂದು ವಾರಗಟ್ಟಲೆ ಚರ್ಚಿಸುತ್ತೀರಂತೆ, ಅದಲ್ಲ.

ಈಗ ನಮ್ಮ ದಕ್ಷಿಣ ಕೊಡಗಿನ ಸಮಸ್ಯೆಗೆ ಬರುತ್ತೇನೆ. ಹೆಸರು! ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ಕಾರ್ಯಪ್ಪನವರ ಹೆಸರು ಎಲ್ಲರಿಗೂ ಗೊತ್ತು. ಕೊಡಂದೇರ ಮನೆತನ, ಮಾದಪ್ಪ ತಂದೆ, ಕಾರ್ಯಪ್ಪ ಅವರದೇ ಹೆಸರು. ಕೊಡವರಲ್ಲಿ ಮನೆತನ ಮೊದಲು, ಮನುಷ್ಯ ಕೊನೆಗೆ. ಈ ಹೆಸರನ್ನು ನಿಮ್ಮ ಫಾರಮ್ಮಿನ 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಎಂಬ ಎರಡು ಡಬ್ಬಿಗಳಲ್ಲಿ ತುಂಬಿಸಿ ನೋಡಿ. ಬರೆದ ಕ್ರಮದಲ್ಲಿ ತುಂಬಿದರೆ ಮನೆತನವೇ ಮನುಷ್ಯನಾಗುತ್ತದೆ, ಮನುಷ್ಯ ಮನೆತನವಾಗುತ್ತಾನೆ. ತಿರುಗಿಸಿ ತುಂಬಿದರೆ ಇನ್ನೊಂದು ದಾಖಲೆಯ ಜೊತೆ ಹೊಂದುವುದಿಲ್ಲ. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಇನಿಶಿಯಲ್ಲು, ಮೂರನೆಯ ಕಡೆ ತಂದೆಯ ಹೆಸರೇ ಗಾಯಬ್. ಮೂರೂ ಒಬ್ಬನೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿರುವ ಯರವ ಬುಡಕಟ್ಟಿನವರ ಪಾಡು ಇದಕ್ಕಿಂತ ಕಷ್ಟ. ಎಷ್ಟೋ ಜನರಿಗೆ ಇರುವುದು ಒಂದೇ ಹೆಸರು. ಎರಡನೆಯ ಡಬ್ಬಿಯ ಪಕ್ಕ ಕೆಂಪು ನಕ್ಷತ್ರ, ತುಂಬದಿದ್ದರೆ ಮುಂದೆ ಹೋಗುವುದಿಲ್ಲ. ಅಂಗಡಿಯ ಹುಡುಗ ಅಲ್ಲಿ ಒಂದು ಚುಕ್ಕಿ ಇಡುತ್ತಾನೆ. ಆಮೇಲೆ ಆ ಚುಕ್ಕಿಯೇ ಅವರ ಮನೆತನ!

ಎರಡು ಡಬ್ಬಿ ಇಟ್ಟವನು ಕೆಟ್ಟವನಲ್ಲ. ಅವನು ಕಂಡ ಹೆಸರುಗಳೆಲ್ಲ ಹಾಗಿದ್ದವು, ಅಷ್ಟೇ. ಆದರೆ ನೀವು ಇಲ್ಲಿಯವರು. ನಿಮ್ಮ ಸ್ವಂತ ಹೆಸರೇ ಆ ಡಬ್ಬಿಯಲ್ಲಿ ಹಿಡಿಯದೆ ಒದ್ದಾಡಿದ್ದೀರಿ. ಆಫೀಸಿನಲ್ಲಿ ಅದನ್ನು ಹೇಳುವವರು ನೀವಲ್ಲದೆ ಇನ್ಯಾರು? ಪೂರ್ತಿ ಹೆಸರಿಗೆ ಒಂದೇ ಉದ್ದನೆಯ ಜಾಗ ಬಿಟ್ಟರೆ ಮುಗಿಯಿತು. ಅಳತೆಗಳ ಕಥೆಯೂ ಹೀಗೇ. ಇಲ್ಲಿ ಮಳೆ ಎಂದರೆ ಇಂಚು ಮತ್ತು ಸೆಂಟು, ಜಾಗ ಎಂದರೆ ಎಕರೆ ಮತ್ತು ಸೆಂಟು. ಮಿಲಿಮೀಟರ್, ಹೆಕ್ಟೇರ್ ಎಂದು ಮಾತ್ರ ಕೇಳುವ ಆ್ಯಪಿಗೆ ಬೆಳೆಗಾರ ಅಂದಾಜಿನ ಮೇಲೆ ಏನೋ ಒಂದು ಒತ್ತುತ್ತಾನೆ. ಆ ಸಂಖ್ಯೆಗಳನ್ನು ಕೂಡಿಸಿ ನೀವು ವರದಿ ಮಾಡುತ್ತೀರಿ. ದೇವರೇ ಕಾಪಾಡಬೇಕು.

ಒಂದು ಎಚ್ಚರಿಕೆ. ಕಷ್ಟವಾದದ್ದನ್ನೆಲ್ಲ ಕತ್ತರಿಸಿ ಬಿಸಾಡಿದರೆ ಸರಳವಾಗುತ್ತದೆ ಎಂದು ತಿಳಿಯಬೇಡಿ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯನ್ನೇ ನೋಡಿ. ಜಾಗ ಒಕ್ಕದ್ದು, ಅಂದರೆ ಇಡೀ ಮನೆತನದ್ದು, ದಾಖಲೆ ಮನೆತನದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ, ಅನುಭವಿಸುವವರು ಹತ್ತಾರು ಮನೆ. ತೀರಿಹೋಗಿ ತಲೆಮಾರು ಕಳೆದವರ ಹೆಸರು ಇಂದಿಗೂ ಪಹಣಿಯಲ್ಲಿ ನಿಂತಿರುವುದುಂಟು. ಇಂಥ ಕಡೆ 'ಮಾಲೀಕರ ಹೆಸರು' ಎಂದು ಒಂದೇ ಡಬ್ಬಿ ಇಟ್ಟು, ನೋಡಿ ಎಷ್ಟು ಸರಳ ಎಂದರೆ ಅದು ಸರಳವಲ್ಲ, ಸುಳ್ಳು. ಆ ತೊಡಕು ಕಂಪ್ಯೂಟರಿನದಲ್ಲ, ನಮ್ಮ ಬದುಕಿನದು. ಅದನ್ನು ಯಾರಾದರೂ ಹೊರಲೇಬೇಕು. ಕೆ.ಪಿ. ರಾಯರು ಒತ್ತಕ್ಷರದ ತೊಡಕನ್ನು ಅಳಿಸಲಿಲ್ಲ, ಬಳಸುವವನ ಬೆರಳಿನಿಂದ ತೆಗೆದು ಯಂತ್ರದ ಒಳಗಿಟ್ಟರು. ಹಾಗೆ ಇಡಲು ಅವರು ಕನ್ನಡದ ವ್ಯಾಕರಣವನ್ನು ತಳದವರೆಗೆ ತಿಳಿದಿರಬೇಕಾಯಿತು. ನೀವು ಎಷ್ಟು ತಿಳಿಯುತ್ತೀರೋ ಅಷ್ಟು ನಾವು ತಿಳಿಯದೆ ಬದುಕಬಹುದು.

ಮೆಣಸು ಕೊಯ್ಯುವ ಏಣಿ ನೋಡಿದ್ದೀರಲ್ಲ? ಒಂದೇ ಬಿದಿರು, ಗೆಣ್ಣಿನ ಹತ್ತಿರ ಕೊಂಬೆಯ ಮೋಟು ಉಳಿಸಿ ಕಡಿದದ್ದು. ಕಾಲಿಡಲು ಬೇಕಾದಷ್ಟೇ ಉಳಿದಿದೆ, ಬಳ್ಳಿಗೆ ತಾಗುವುದೆಲ್ಲ ಹೋಗಿದೆ. ಯಾವ ಮೋಟು ಉಳಿಸಬೇಕು ಎಂದು ಕಡಿದವನಿಗೆ ಗೊತ್ತಿತ್ತು, ಯಾಕೆಂದರೆ ಅವನೇ ಅದರ ಮೇಲೆ ಹತ್ತುವವನು.

ನೀವು ಮಾಡಿದ್ದರ ಮೇಲೆ ಹತ್ತುವವರು ನಾವು, ನಮ್ಮ ಪಾಡು ಕೇಳಿ. ಜೂನ್, ಜುಲೈನಲ್ಲಿ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಕೇಳುವ ಅಭ್ಯಾಸವೇ ನಮಗಿಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಅರ್ಜಿ ತುಂಬಲು ಕೂತೆ. ಯಾರದ್ದು ಎಂದು ಹೇಳುವುದಿಲ್ಲ. ಓಟಿಪಿಗೆಂದು ಫೋನು ಹಿಡಿದು ಏರಿನ ಮೇಲಿನ ಕಣದವರೆಗೆ ನಡೆದೆ. ಓಟಿಪಿ ಬಂತು. ಕೆಳಗೆ ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿತ್ತು, ತುಂಬಿದ್ದೆಲ್ಲ ಅಳಿಸಿಹೋಗಿ ಮೊದಲ ಪುಟ ಬಂದು ಕೂತಿತ್ತು. ಆ ತಂತ್ರಾಂಶ ಬರೆದವನ ಮೇಜಿನ ಮೇಲೆ ವೈಫೈ ಎಂದೂ ಹೋಗಿರಲಿಕ್ಕಿಲ್ಲ. ಅರ್ಧ ತುಂಬಿದ್ದನ್ನು ಉಳಿಸಿಡಿ ಮಾರಾಯರೇ, ಇಷ್ಟು ಮಾಡಿದರೆ ಕೊಡಗಿನ ಅರ್ಧ ಜನ ನಿಮಗೆ ಋಣಿಯಾಗಿರುತ್ತಾರೆ. ಕಾಫಿ ಮಂಡಳಿ 2018ರಲ್ಲಿ ಶುರು ಮಾಡಿದ 'ಕಾಫಿ ಕೃಷಿ ತರಂಗ' ಈ ವಿಷಯದಲ್ಲಿ ಜಾಣತನ ತೋರಿತು. ಆ್ಯಪು ಬೇಡ, ಓದುವುದೂ ಬೇಡ. ಮಾಮೂಲಿ ಬಟನ್ ಫೋನಿನಲ್ಲೂ ಸಲಹೆಯನ್ನು ಕನ್ನಡದಲ್ಲಿ ಕಿವಿಯಿಂದ ಕೇಳಬಹುದಿತ್ತು. ಅಂಗಡಿಗಳಲ್ಲಿ ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಯೂ ಹೀಗೇ. ಮೀನು ಕತ್ತರಿಸುತ್ತಿರುವವನು ಒದ್ದೆ ಕೈಯಲ್ಲಿ ಫೋನು ತೆಗೆದು ನೋಡಲಾರ ಎಂದು ಯಾರೋ ಯೋಚಿಸಿದ್ದರಿಂದ ಅದು ಹುಟ್ಟಿರಬೇಕು.

ಗೆದ್ದ ಮೇಲೆ ಕೆಡುವುದೂ ಇದೆ. ವಾಟ್ಸ್‌ಆ್ಯಪ್ 2009ರಲ್ಲಿ ಶುರುವಾದಾಗ ಹೆಸರು, ಪಾಸ್‌ವರ್ಡ್ ಎಂದು ಏನನ್ನೂ ಹೊಸದಾಗಿ ನೆನಪಿಡಬೇಕಿರಲಿಲ್ಲ, ಫೋನ್ ನಂಬರೇ ಗುರುತು. ಅದಕ್ಕೇ ನಮ್ಮಲ್ಲಿ ಪ್ರತಿ ಒಕ್ಕಕ್ಕೂ ಒಂದು ಗ್ರೂಪು, ಅಕ್ಷರ ಬಾರದ ಅಜ್ಜಿಯರೂ ಅದರಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಆದರೆ ಹಣ ಕಳಿಸಲೆಂದು ಜನ ನೆಚ್ಚಿಕೊಂಡ ಕೆಲವು ಆ್ಯಪುಗಳನ್ನು ಈಗ ತೆರೆದು ನೋಡಿ: ಸಾಲ ಬೇಕೇ, ಚಿನ್ನ ಬೇಕೇ, ವಿಮೆ ಬೇಕೇ, ಇಲ್ಲಿ ಉಜ್ಜಿದರೆ ಬಹುಮಾನ. ಬಾಳೆಹಣ್ಣಿನ ದುಡ್ಡು ಕೊಡಲು ಬಂದವನು ದಾರಿ ಹುಡುಕಬೇಕು. ಇದಕ್ಕೆ ನೀವೊಬ್ಬರೇ ಹೊಣೆಯಲ್ಲ ಎಂದು ಬಲ್ಲೆ, ಮೇಲಿನವರು ಹೇಳಿದ್ದನ್ನು ಮಾಡುತ್ತೀರಿ. ಆದರೂ "ಇನ್ನೊಂದು ಬಟನ್ ಸೇರಿಸು" ಎಂದಾಗ "ಯಾವುದನ್ನು ತೆಗೆಯಲಿ?" ಎಂದು ಕೇಳುವ ಧೈರ್ಯ ಮಾಡಿ. ಹಾಗೆ ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯಲಾರರು.

ಈ ಸಲ ಪುತ್ತರಿ ಹಬ್ಬಕ್ಕೆ ಊರಿಗೆ ಬರುತ್ತೀರಲ್ಲ, ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ನೀವು ಮಾಡಿದ ಆ್ಯಪನ್ನು ನಿಮ್ಮ ಅಜ್ಜಿಗೋ, ತೋಟದ ಮೇಸ್ತ್ರಿಗೋ, ಅಂಗಡಿಯಲ್ಲಿ ಸಾಲು ನಿಂತ ಯಾರಿಗಾದರೂ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅವರು ತಪ್ಪು ಒತ್ತಿದಾಗ ಕೈ ಚಾಚಬೇಡಿ, ಬಾಯಿ ಬಿಡಬೇಡಿ. ಎಲ್ಲಿ ನಿಂತರು, ಎಲ್ಲಿ ನಿಮ್ಮ ಮುಖ ನೋಡಿದರು ಎಂದು ಬರೆದುಕೊಳ್ಳಿ. ಬೆಂಗಳೂರಿಗೆ ಹೋಗಿ ಮೊದಲು ಅಷ್ಟನ್ನು ಸರಿಮಾಡಿ, ಹೊಸದನ್ನು ಆಮೇಲೆ ಬರೆಯಿರಿ.