ಅಜ್ಜನ ಕಾರ್ನೆಟ್ ಮತ್ತೆ ನುಡಿದೀತೇ?

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ಲಂಡನ್ ಬೆಸನ್ ಕಾರ್ನೆಟ್ ಸಿಕ್ಕಿದೆ. ಬೆಳ್ಳಿ ಲೇಪನ ಕಪ್ಪಾಗಿದೆ, ಒಂದು ವಾಲ್ವ್ ಕಚ್ಚಿಕೊಂಡಿದೆ, ಸ್ವರ ಕೀಬೋರ್ಡಿಗಿಂತ ಮೇಲೇ ನಿಲ್ಲುತ್ತದೆ. ಪಾಲಿಶ್ ಹಾಕಿಸಲೇ?
– ಓದುಗರು, ಮೈಸೂರು

ಉತ್ತರ: ಪಾಲಿಶ್ ಬೇಡ. ಉಜ್ಜಿದಷ್ಟೂ ಬೆಳ್ಳಿ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ವಾಲ್ವಿಗೆ ಇಕ್ಕಳ ಹಾಕಬೇಡಿ. ಮೇಲೆ ಕೆಳಗಿನ ಮುಚ್ಚಳ ಬಿಚ್ಚಿ, ವಾಲ್ವ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ; ಚಳಿಗೆ ಅದೇ ಹೆಪ್ಪುಗಟ್ಟಿ ಇನ್ನಷ್ಟು ಕಚ್ಚುತ್ತದೆ! ಬಿಟ್ಟುಕೊಂಡರೆ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು, ವಾಲ್ವ್ ಮೇಲಿನ 1, 2, 3 ಅಂಕಿ ನೋಡಿ ಅದರದರ ಜಾಗಕ್ಕೇ ಹಾಕಿ.

ಸ್ವರ ಏರಿರುವುದು ಬಹುಶಃ ದೋಷವಲ್ಲ. ಬ್ರಿಟಿಷ್ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ 'ಹೈ ಪಿಚ್'ನಲ್ಲಿ ನುಡಿಸುತ್ತಿದ್ದವು: ಎ ಸ್ವರ ಸುಮಾರು 452 ಹರ್ಟ್ಸ್, ಈಗಿನದು 440. ಮುಖ್ಯ ಸ್ಲೈಡನ್ನು ಸುಮಾರು 2 ಸೆಂಟಿಮೀಟರ್ ಹೊರಗೆಳೆಯಿರಿ, ವಾಲ್ವ್ ಸ್ಲೈಡುಗಳನ್ನೂ ತುಸು ಎಳೆಯಿರಿ. ಟ್ರಂಪೆಟ್‌ನ ಮೌತ್‌ಪೀಸ್ ತುರುಕಬೇಡಿ, ಅದರ ಬುಡ ದಪ್ಪ.

ವಾಲ್ವ್ ಆಮೇಲೂ ಅಲುಗದಿದ್ದರೆ, ಸ್ಲೈಡುಗಳು ಜಗ್ಗದಿದ್ದರೆ, ಅಥವಾ ಬೆಳ್ಳಿ ಹೋದ ಕಡೆ ಹಿತ್ತಾಳೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆ ಕಂಡರೆ ಕೈ ಹಚ್ಚಬೇಡಿ. ಆ ಚುಕ್ಕೆ ಕೊಳವೆ ಒಳಗಿನಿಂದ ತಿಂದುಹೋಗುತ್ತಿರುವ ಗುರುತು. ಬ್ಯಾಂಡ್ ವಾದ್ಯ ರಿಪೇರಿ ಮಾಡುವವರಿಗೇ ತೋರಿಸಿ. ಪಾತ್ರೆ ಬೆಸುಗೆಯವರಿಗೆ ಕೊಡಬೇಡಿ.